ರೋಸ್‌ಮೇರಿ ಸುಗಂಧ ತೈಲ: ಉಪಯೋಗಗಳೂ ಬೆಳೆಗಾರನ ಲೆಕ್ಕವೂ

ಕಳೆದ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಕಡೆಯ ರೈತರೊಬ್ಬರು ನಮ್ಮ ಕಛೇರಿಗೆ ಬಂದು, ಜೇಬಿನಿಂದ ಒಂದು ಪುಟ್ಟ ಕಂದು ಸೀಸೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅವರ ಮಗಳು ತಲೆಗೂದಲಿಗೆಂದು ತರಿಸಿಕೊಂಡ ರೋಸ್‌ಮೇರಿ ಎಣ್ಣೆ ಅದು. ಸೀಸೆಯಲ್ಲಿದ್ದುದು 15 ಮಿಲಿಲೀಟರ್, ಕೊಟ್ಟ ಹಣ 300 ರೂಪಾಯಿ. "ಲೀಟರಿಗೆ ಇಪ್ಪತ್ತು ಸಾವಿರ ಆಯ್ತಲ್ಲ ಸಾರ್. ಎಕರೆಗೆ ಮೂವತ್ತು ಲೀಟರ್ ಬರುತ್ತೆ ಅಂತ ಸಸಿ ಮಾರೋರು ಹೇಳ್ತಾರೆ. ಟೊಮೇಟೊ ಬಿಟ್ಟು ಇದನ್ನೇ ಹಾಕಿಬಿಡಲಾ?" ಎಂಬುದು ಅವರ ಪ್ರಶ್ನೆ. ಆರು ಲಕ್ಷ ರೂಪಾಯಿನ ಲೆಕ್ಕವನ್ನು ಅವರು ಬರುವ ದಾರಿಯಲ್ಲೇ ಮಾಡಿ ಮುಗಿಸಿದ್ದರು. ಸಸಿಗೆ ಮುಂಗಡ ಕೊಡಲು ಎರಡು ದಿನ ಉಳಿದಿತ್ತು.

ಅವರ ಪ್ರಶ್ನೆ ಒಬ್ಬರದಲ್ಲ. ಈ ಎಣ್ಣೆಯ ಗುಣಗಳ ಬಗೆಗೆ ಈಚೆಗೆ ಎಲ್ಲೆಡೆ ಮಾತು ಕೇಳಿಬರುತ್ತಿದೆ. ಆ ಮಾತುಗಳಲ್ಲಿ ನಿಜವೂ ಇದೆ, ಉತ್ಪ್ರೇಕ್ಷೆಯೂ ಇದೆ. ಎಣ್ಣೆಯಿಂದ ನಿಜವಾಗಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ತಿಳಿಯದೆ ಅದನ್ನು ಕೊಳ್ಳುವವರು ಯಾರು, ಯಾವ ಬೆಲೆಗೆ ಎಂಬುದು ತಿಳಿಯುವುದಿಲ್ಲ. ಅದು ತಿಳಿಯದೆ ಗಿಡ ನೆಡುವುದು ಸರಿಯಲ್ಲ.

ಗಿಡದ ಪರಿಚಯ

ಹೆಸರಿನಲ್ಲಿ 'ರೋಸ್' ಇದ್ದರೂ ಗುಲಾಬಿಗೂ ಇದಕ್ಕೂ ಸಂಬಂಧವಿಲ್ಲ. 'ಕಡಲ ಇಬ್ಬನಿ' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಈ ಹೆಸರು ಬಂದಿದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ, ಕಲ್ಲುಮಿಶ್ರಿತ ಗುಡ್ಡಗಳು ಇದರ ತವರು. ಇದು ತುಳಸಿ, ಪುದಿನ, ಪಚ್ಚೆತೆನೆಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಪೊದೆ. ಎಲೆಗಳು ಸೂಜಿಯಂತೆ ಕಿರಿದು, ಮೇಲೆ ಕಡುಹಸಿರು, ಕೆಳಗೆ ಬೂದುಬಣ್ಣ. ಹೂವು ತಿಳಿನೀಲಿ. ಹಳೆಯ ಪುಸ್ತಕಗಳಲ್ಲಿ ಇದರ ಶಾಸ್ತ್ರೀಯ ಹೆಸರು ರೋಸ್ಮರೈನಸ್ ಅಫಿಷಿನಾಲಿಸ್. 2017ರಲ್ಲಿ ಸಸ್ಯಶಾಸ್ತ್ರಜ್ಞರು ಇದನ್ನು ಸಾಲ್ವಿಯ ಜಾತಿಗೆ ಸೇರಿಸಿ ಸಾಲ್ವಿಯ ರೋಸ್ಮರೈನಸ್ ಎಂದು ಕರೆದಿದ್ದಾರೆ. ಎರಡೂ ಒಂದೇ ಗಿಡ. ಸಸಿ ಮಾರುವವರು ಎರಡು ಹೆಸರು ಹೇಳಿ ಎರಡು ಬೆಲೆ ಕೇಳಿದರೆ ನಂಬಬಾರದು.

ನಮ್ಮ ನೆರೆಯ ನೀಲಗಿರಿಯಲ್ಲಿ ಇದರ ಸಾಗುವಳಿ ನಡೆಯುತ್ತಿದೆ. ಬೆಂಗಳೂರಿನಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಸಂಶೋಧನಾ ಕೇಂದ್ರವು ನಮ್ಮ ಮೈದಾನ ಸೀಮೆಯ ಕೆಂಪು ಮಣ್ಣಿನಲ್ಲಿಯೂ ಇದನ್ನು ಬೆಳೆಯಬಹುದೆಂದು ಪ್ರಯೋಗಗಳಿಂದ ತೋರಿಸಿದೆ. ಆದುದರಿಂದ ಗಿಡ ನಮ್ಮಲ್ಲಿ ಬರುತ್ತದೆಯೇ ಎಂಬುದು ಈಗ ಪ್ರಶ್ನೆಯಲ್ಲ.

ಎಣ್ಣೆಯಲ್ಲಿ ಏನಿದೆ?

ಎಲೆಯ ಮೇಲಿನ, ಅದರಲ್ಲೂ ಕೆಳಮೈಯ, ಅತಿ ಸಣ್ಣ ಗ್ರಂಥಿಗಳಲ್ಲಿ ಎಣ್ಣೆ ಶೇಖರವಾಗಿರುತ್ತದೆ. ಎಲೆಯನ್ನು ಬೆರಳಲ್ಲಿ ಉಜ್ಜಿದಾಗ ಈ ಗ್ರಂಥಿಗಳು ಒಡೆದು ವಾಸನೆ ಬರುತ್ತದೆ. ಇದು ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳಂತೆ ಜಿಡ್ಡಿನ ಎಣ್ಣೆಯಲ್ಲ. ಗಾಳಿಗೆ ಬಿಟ್ಟರೆ ಆರಿಹೋಗುವ ಚಂಚಲ ತೈಲ. ಹಸಿ ಸೊಪ್ಪಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 0.5ರಿಂದ 1ರವರೆಗೆ ಎಣ್ಣೆ ದೊರೆಯುತ್ತದೆ.

ರೋಸ್‌ಮೇರಿ ಎಣ್ಣೆಯ ಸೀಸೆಯನ್ನು ಮೂಸಿ ನೋಡಿದ ನಮ್ಮ ರೈತ, "ಇದು ನೀಲಗಿರಿ ಎಣ್ಣೆಗೆ ಕರ್ಪೂರ ಹಾಕಿದ ಹಾಗಿದೆಯಲ್ಲ" ಎಂದರು. ಮೂಗು ಸುಳ್ಳು ಹೇಳಲಿಲ್ಲ. ನೀಲಗಿರಿ ಎಣ್ಣೆಯ ಮುಖ್ಯ ಘಟಕವಾದ ಸಿನಿಯೋಲ್ ಇದರಲ್ಲಿಯೂ ಮುಖ್ಯ. ಕರ್ಪೂರದ ಅಂಶ ಇದರಲ್ಲಿ ಸಹಜವಾಗಿಯೇ ಇದೆ. ಪೈನ್ ಮರದ ವಾಸನೆಯ ಪೈನೀನ್, ಅದರ ಜತೆಗೆ ಬೋರ್ನಿಯೋಲ್, ಕ್ಯಾಂಫೀನ್, ಕೆಲವು ಬಗೆಗಳಲ್ಲಿ ವರ್ಬಿನೋನ್ ಇರುತ್ತವೆ.

ಈ ಘಟಕಗಳ ಪ್ರಮಾಣ ಎಲ್ಲ ರೋಸ್‌ಮೇರಿಯಲ್ಲಿಯೂ ಒಂದೇ ಅಲ್ಲವೆಂಬುದು ಬೆಳೆಗಾರನಿಗೆ ಬಹಳ ಮುಖ್ಯವಾದ ವಿಷಯ. ಮೊರಾಕೊ ಮತ್ತು ಟ್ಯುನೀಷಿಯದ ಎಣ್ಣೆಯಲ್ಲಿ ಸಿನಿಯೋಲ್ ಸುಮಾರು ಶೇ. 40ರಿಂದ 55ರವರೆಗೆ ಇದ್ದರೆ, ಸ್ಪೇನ್ ದೇಶದ ಎಣ್ಣೆಯಲ್ಲಿ ಅದು ಅರ್ಧಕ್ಕಿಂತಲೂ ಕಡಿಮೆಯಿದ್ದು, ಪೈನೀನ್ ಮತ್ತು ಕರ್ಪೂರದ ಅಂಶಗಳು ಹೆಚ್ಚು. ಅಂತರರಾಷ್ಟ್ರೀಯ ಗುಣಮಟ್ಟದ ನಿಯಮದಲ್ಲಿಯೂ ಈ ಎರಡನ್ನು ಎರಡು ಬಗೆಯಾಗಿಯೇ ಇರಿಸಲಾಗಿದೆ. ಫ್ರಾನ್ಸಿನ ಕಾರ್ಸಿಕ ದ್ವೀಪದಲ್ಲಿ ದೊರೆಯುವ ವರ್ಬಿನೋನ್ ಬಗೆಯ ಎಣ್ಣೆಗೆ ಬೇರೆಯೇ ಗಿರಾಕಿಗಳಿದ್ದಾರೆ. ಒಬ್ಬ ವ್ಯಾಪಾರಿ ಬೇಕೆನ್ನುವ ಎಣ್ಣೆಯನ್ನು ಇನ್ನೊಬ್ಬ ವ್ಯಾಪಾರಿ ಬೇಡವೆನ್ನಬಹುದು. ನೆಟ್ಟ ತಳಿ ಯಾವುದೋ ಎಣ್ಣೆಯೂ ಅದೇ. ಆಮೇಲೆ ಗೊಬ್ಬರ ಹಾಕಿ ಬದಲಾಯಿಸುವಂತಿಲ್ಲ.

ಸಾಬೂನು, ಅತ್ತರು, ನೋವಿನ ಮುಲಾಮು

ರೋಸ್‌ಮೇರಿ ಎಣ್ಣೆಯ ಹಳೆಯ ಮತ್ತು ದೊಡ್ಡ ಬಳಕೆ ಸುಗಂಧದ್ರವ್ಯಗಳಲ್ಲಿ. ಹದಿನೆಂಟನೆಯ ಶತಮಾನದಿಂದ ಹೆಸರಾದ ಜರ್ಮನಿಯ ಕಲೋನ್ ನೀರಿನ ತಯಾರಿಕೆಯಲ್ಲಿ ನಿಂಬೆ, ಕಿತ್ತಳೆ ಜಾತಿಯ ಎಣ್ಣೆಗಳ ಜೊತೆಗೆ ಇದೂ ಸೇರುತ್ತದೆ. ಸಾಬೂನು, ಶಾಂಪೂ, ಕೊಠಡಿಗೆ ಸಿಂಪಡಿಸುವ ಸುಗಂಧ, ನೆಲ ಒರೆಸುವ ದ್ರಾವಣಗಳಲ್ಲಿ ಇದನ್ನು ಬೆರೆಸುತ್ತಾರೆ. ಬೆಳೆಗಾರನ ಎಣ್ಣೆ ಪೀಪಾಯಿ ಲೆಕ್ಕದಲ್ಲಿ ಖರ್ಚಾಗುವುದು ಹೆಚ್ಚಾಗಿ ಇಂಥ ಕಡೆ. ತಲೆಗೂದಲಿನ ಪುಟ್ಟ ಸೀಸೆಗಳಲ್ಲಿ ಹೋಗುವುದು ಅದರ ಒಂದು ಪಾಲು ಮಾತ್ರ.

ಮೈಕೈ ನೋವು, ಕೀಲುನೋವುಗಳಿಗೆ ಹಚ್ಚುವ ಮುಲಾಮುಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಕರ್ಪೂರ ಮತ್ತು ಸಿನಿಯೋಲ್‌ಗಳು ಚರ್ಮದ ಮೇಲೆ ಬಿಸಿ-ತಂಪಿನ ಅನುಭವ ಉಂಟುಮಾಡಿ ಒಳಗಿನ ನೋವು ಕಡಿಮೆಯಾದಂತೆ ಅನ್ನಿಸುವಂತೆ ಮಾಡುತ್ತವೆ. ಉಪಶಮನ ನಿಜ, ಆದರೆ ಸವೆದ ಕೀಲು ಇದರಿಂದ ಸರಿಹೋಗುವುದಿಲ್ಲ. ನೆಗಡಿಯಾದಾಗ ಇದರ ವಾಸನೆ ಮೂಗಿಗೆ ಹಿತವೆನ್ನಿಸುತ್ತದೆ. ಆ ಕೆಲಸವನ್ನು ನಮ್ಮ ಮನೆಗಳಲ್ಲಿರುವ ನೀಲಗಿರಿ ಎಣ್ಣೆಯೂ ಕಡಿಮೆ ಖರ್ಚಿನಲ್ಲಿ ಮಾಡುತ್ತದೆ.

ತಲೆಗೂದಲಿಗೆ

ಈಗ ಅತಿ ಹೆಚ್ಚಾಗಿ ಕೇಳಿಬರುವ ಮಾತು ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ.

2015ರಲ್ಲಿ ಇರಾನಿನ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ವಂಶಪಾರಂಪರ್ಯವಾಗಿ ಬರುವ ಬೋಳುತನವಿದ್ದ 100 ಮಂದಿಯಲ್ಲಿ ಅರ್ಧದಷ್ಟು ಮಂದಿಗೆ ರೋಸ್‌ಮೇರಿ ಎಣ್ಣೆಯ ದ್ರಾವಣ, ಉಳಿದವರಿಗೆ ಮೈನಾಕ್ಸಿಡಿಲ್ ಎಂಬ ಔಷಧಿಯ ಶೇ. 2ರ ದ್ರಾವಣ ಕೊಟ್ಟು ಆರು ತಿಂಗಳು ಹಚ್ಚಿಸಲಾಯಿತು. ಮೂರನೆಯ ತಿಂಗಳಿನಲ್ಲಿ ಎರಡು ಗುಂಪಿನಲ್ಲಿಯೂ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಆರನೆಯ ತಿಂಗಳಿಗೆ ಎರಡರಲ್ಲಿಯೂ ಕೂದಲಿನ ಸಂಖ್ಯೆ ಹೆಚ್ಚಿತ್ತು, ಒಂದಕ್ಕಿಂತ ಇನ್ನೊಂದು ಮೇಲೆನ್ನುವಂಥ ವ್ಯತ್ಯಾಸವಿರಲಿಲ್ಲ. ನೆತ್ತಿಯ ತುರಿಕೆ ಮಾತ್ರ ಮೈನಾಕ್ಸಿಡಿಲ್ ಗುಂಪಿನಲ್ಲಿ ಹೆಚ್ಚಾಗಿತ್ತು. ಇದಕ್ಕೂ ಮೊದಲು, 1998ರಲ್ಲಿ, ಸ್ಕಾಟ್ಲೆಂಡಿನ ವೈದ್ಯರು ತಲೆಯಲ್ಲಿ ಅಲ್ಲಲ್ಲಿ ಬಿಲ್ಲೆಯಂತೆ ಕೂದಲು ಉದುರುವ ರೋಗವಿದ್ದ 86 ಮಂದಿಯ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದ್ದರು. ರೋಸ್‌ಮೇರಿಯೂ ಸೇರಿ ನಾಲ್ಕು ಬಗೆಯ ಸುಗಂಧ ತೈಲಗಳನ್ನು ಜಿಡ್ಡಿನ ಎಣ್ಣೆಯಲ್ಲಿ ಬೆರೆಸಿ ತಿಕ್ಕಿಕೊಂಡವರಲ್ಲಿ ಶೇ. 44 ಮಂದಿಗೆ ಗುಣ ಕಂಡಿತು. ಬರೀ ಜಿಡ್ಡಿನ ಎಣ್ಣೆ ತಿಕ್ಕಿಕೊಂಡವರಲ್ಲಿ ಶೇ. 15 ಮಂದಿಗೆ ಮಾತ್ರ.

ಇವು ತಳ್ಳಿಹಾಕುವಂಥವಲ್ಲ. ಆದರೆ ಕೃಷಿ ಪ್ರಯೋಗ ಬಲ್ಲವರು ಇವುಗಳಲ್ಲಿನ ಕೊರತೆಯನ್ನು ತಕ್ಷಣ ಗುರುತಿಸಬಲ್ಲರು. ಇರಾನಿನ ಪ್ರಯೋಗದಲ್ಲಿ ಏನನ್ನೂ ಹಚ್ಚದ, ಎಂದರೆ ನಾವು ಗೊಬ್ಬರ ಹಾಕದೆ ಬಿಡುವ ತಾಕಿನಂಥ ಗುಂಪು ಇರಲಿಲ್ಲ. ಹೋಲಿಸಿದ ಔಷಧಿಯೂ ಕಡಿಮೆ ಪ್ರಮಾಣದ್ದು. ಸ್ಕಾಟ್ಲೆಂಡಿನದರಲ್ಲಿ ನಾಲ್ಕು ಎಣ್ಣೆಗಳು ಕಲೆತಿದ್ದುದರಿಂದ ರೋಸ್‌ಮೇರಿಯ ಪಾಲೆಷ್ಟೆಂದು ಹೇಳುವಂತಿಲ್ಲ. 'ಪ್ರಯೋಜನವಿರಬಹುದು, ಆರು ತಿಂಗಳಾದರೂ ತಾಳ್ಮೆ ಬೇಕು' ಎಂಬುದಕ್ಕಿಂತ ಹೆಚ್ಚಿನ ಮಾತನ್ನು ಇವು ಹೇಳುವುದಿಲ್ಲ. 'ಹದಿನೈದು ದಿನದಲ್ಲಿ ಮೊಳಕಾಲುದ್ದ ಜಡೆ' ಎಂದು ಮಾರುವವನ ಮಾತು ಬೇರೆ. ರಕ್ತಹೀನತೆಯಿಂದ, ಬಾಣಂತನದ ನಂತರ ಅಥವಾ ಥೈರಾಯಿಡ್ ತೊಂದರೆಯಿಂದ ಉದುರುವ ಕೂದಲಿಗೆ ಮೂಲ ಕಾರಣವನ್ನೇ ನೋಡಬೇಕು.

ಬಳಸುವವರು ಶುದ್ಧ ಎಣ್ಣೆಯನ್ನು ನೇರವಾಗಿ ತಲೆಗೆ ಸುರಿಯಬಾರದು. 100 ಮಿ.ಲೀ. ಕೊಬ್ಬರಿ ಎಣ್ಣೆಗೆ 1ರಿಂದ 2 ಮಿ.ಲೀ. ಸಾಕು. ಹನಿಗಳ ಲೆಕ್ಕ ಸೀಸೆಯಿಂದ ಸೀಸೆಗೆ ಬದಲಾಗುವುದರಿಂದ ಔಷಧಿ ಅಂಗಡಿಯಲ್ಲಿ ಸಿಕ್ಕುವ ಸಿರಿಂಜಿನಲ್ಲಿ ಅಳೆಯುವುದು ಒಳ್ಳೆಯದು. ಬೆರೆಸಿದ ಎಣ್ಣೆಯನ್ನು ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾಯಬೇಕು. ಕೆಂಪಾಗಿ ತುರಿಕೆ ಬಂದರೆ ಅದು ಆ ಮೈಗೆ ಒಗ್ಗದು.

ಇನ್ನು 'ರೋಸ್‌ಮೇರಿ ನೀರು'. ಬಟ್ಟಿಯಲ್ಲಿ ಎಣ್ಣೆಯ ಜೊತೆಗೆ ಇಳಿಯುವ ವಾಸನೆಯ ನೀರೇ ಒಂದು ಬಗೆ, ಮನೆಯಲ್ಲಿ ಎಲೆ ಕುದಿಸಿ ಸೋಸಿದ ಕಷಾಯ ಇನ್ನೊಂದು. ಎರಡರ ಗುಣವೂ ಎಣ್ಣೆಯ ಗುಣವೂ ಒಂದೇ ಅಲ್ಲ. ಮೇಲೆ ಹೇಳಿದ ಪ್ರಯೋಗಗಳು ಈ ನೀರಿಗೆ ಅನ್ವಯಿಸುವುದಿಲ್ಲ. ಕಷಾಯವನ್ನು ಇಟ್ಟರೆ ಎರಡು ಮೂರು ದಿನದಲ್ಲಿ ಹಳಸುತ್ತದೆ. ಬಟ್ಟಿ ನೀರನ್ನೂ ಶುಚಿಯಾಗಿ ತುಂಬದಿದ್ದರೆ ಬೂಷ್ಟು ಬರುತ್ತದೆ.

ಜ್ಞಾಪಕಶಕ್ತಿಗೆ

ಈ ಗಿಡಕ್ಕೂ ನೆನಪಿಗೂ ಯೂರೋಪಿನ ಜನ ಬಹಳ ಹಿಂದಿನಿಂದ ನಂಟು ಕಟ್ಟಿದ್ದಾರೆ. 2003ರಲ್ಲಿ ಇಂಗ್ಲೆಂಡಿನಲ್ಲಿ 144 ಮಂದಿಯನ್ನು ಪರೀಕ್ಷಿಸಿದಾಗ, ರೋಸ್‌ಮೇರಿ ಎಣ್ಣೆಯ ವಾಸನೆಯಿದ್ದ ಕೊಠಡಿಯಲ್ಲಿ ಕುಳಿತವರ ನೆನಪಿನ ಗುಣಮಟ್ಟ ತುಸು ಮೇಲಾಗಿತ್ತು, ನೆನಪಿಸಿಕೊಳ್ಳುವ ವೇಗ ಮಾತ್ರ ಕಡಿಮೆಯಾಗಿತ್ತು. ಪರೀಕ್ಷೆಗೆ ಓದುವ ಮಕ್ಕಳ ತಂದೆತಾಯಿಗಳು ಇದರ ಮೇಲೆ ಹಣ ಹಾಕುವಷ್ಟೇನೂ ಇದರಲ್ಲಿಲ್ಲ.

ಕೀಟ ಮತ್ತು ನುಸಿಗಳ ಮೇಲೆ

ಟೊಮೇಟೊ, ಹುರುಳಿಕಾಯಿ, ಗುಲಾಬಿಗಳನ್ನು ಕಾಡುವ ಕೆಂಪು ಜೇಡನುಸಿಯ ಮೇಲೆ ಈ ಎಣ್ಣೆಯ ಪರಿಣಾಮವನ್ನು ಕೆನಡಾದ ಸಂಶೋಧಕರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ನುಸಿಗಳು ಸಾಯುವುದು ನಿಜವೆಂದು ಕಂಡುಬಂದಿತು. ಎಣ್ಣೆಯ ಘಟಕಗಳನ್ನು ಬೇರೆ ಬೇರೆಯಾಗಿ ಪ್ರಯೋಗಿಸಿದಾಗಿಗಿಂತ ಅವುಗಳ ಮಿಶ್ರಣವೇ ಹೆಚ್ಚು ಬಲವಾಗಿತ್ತು. ಆದರೆ ಚಂಚಲ ತೈಲವಾದ್ದರಿಂದ ಇದು ಎಲೆಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದು ಕೊರತೆಯೂ ಹೌದು, ಗುಣವೂ ಹೌದು. ವಿಷದ ಶೇಷ ಉಳಿಯುವುದಿಲ್ಲ, ಆಮೇಲೆ ಬರುವ ಉಪಕಾರಿ ಕೀಟಗಳಿಗೆ ತೊಂದರೆ ಕಡಿಮೆ. ಆದರೆ ತಪ್ಪಿಸಿಕೊಂಡ ನುಸಿಗಳಿಗೆ ಮತ್ತೆ ಸಿಂಪಡಿಸಬೇಕಾಗುತ್ತದೆ. ಅಮೆರಿಕದಲ್ಲಿ ರೋಸ್‌ಮೇರಿ ಎಣ್ಣೆಯನ್ನು ಅತಿ ಕಡಿಮೆ ಅಪಾಯದ ಕೀಟನಾಶಕಗಳ ಪಟ್ಟಿಗೆ 1996ರಲ್ಲಿಯೇ ಸೇರಿಸಿ, ನೋಂದಣಿಯಿಂದ ವಿನಾಯಿತಿ ಕೊಡಲಾಗಿದೆ. ನಮ್ಮಲ್ಲಿ ಕೀಟನಾಶಕವೆಂದು ಮಾರುವ ಯಾವುದೇ ವಸ್ತುವಿಗೆ 1968ರ ಕೀಟನಾಶಕ ಕಾಯಿದೆಯಂತೆ ನೋಂದಣಿ ಬೇಕು. ಲೇಬಲ್ಲಿನಲ್ಲಿ ಅದರ ಸಂಖ್ಯೆಯಿಲ್ಲದ 'ಗಿಡಮೂಲಿಕೆ ಔಷಧಿ'ಯನ್ನು ಕೊಳ್ಳಬಾರದು.

ಸುಗಂಧ ತೈಲವನ್ನು ನೀರಿಗೆ ಹಾಕಿ ಕಲಕಿದರೆ ಅದು ಬೆರೆಯದೆ ಮೇಲೆ ತೇಲುತ್ತದೆ. ಹಾಗೆಯೇ ಸಿಂಪಡಿಸಿದರೆ ಎಣ್ಣೆ ಬಿದ್ದ ಕಡೆಯೆಲ್ಲ ಎಲೆ ಸುಡುತ್ತದೆ. ಆದ್ದರಿಂದ ಮನೆಯಲ್ಲೇ ಬೆರೆಸಿ ಹೊಡೆಯುವ ಪ್ರಯತ್ನ ಬೇಡ.

ಬೇಳೆಕಾಳು ಕೊರೆಯುವ ದುಂಬಿಯ ಮೇಲೆಯೂ ಈ ಎಣ್ಣೆಯ ಆವಿ ಪರಿಣಾಮಕಾರಿಯೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಹಾಗೆಂದು ಬಿತ್ತನೆ ಅಲಸಂದೆಗೆ ಇಷ್ಟು ಬೆಲೆಯ ಎಣ್ಣೆ ಹಾಕುವವರುಂಟೆ? ನಮ್ಮ ಹೆಂಗಸರು ತೊಗರಿಗೆ ಹರಳೆಣ್ಣೆ ಸವರಿ ಇಡುತ್ತಾರೆ. ಕಿಲೋ ಕಾಳಿಗೆ 5ರಿಂದ 10 ಮಿ.ಲೀ. ಸವರಿದರೆ ದುಂಬಿಯ ಕಾಟ ತಪ್ಪುತ್ತದೆ. ಆ ಪದ್ಧತಿಯೇ ಇರಲಿ.

ಆಹಾರ ಕೆಡದಂತೆ ಕಾಯುವುದು: ಎಣ್ಣೆಯಲ್ಲ, ಸಾರ

ರೋಸ್‌ಮೇರಿಗೆ ಜಿಡ್ಡು ಕಮಟಾಗದಂತೆ ತಡೆಯುವ ಶಕ್ತಿಯಿದೆಯೆಂದೂ, ಆಹಾರ ಕಾರ್ಖಾನೆಗಳಿಂದ ಬೇಡಿಕೆ ಬಹಳವೆಂದೂ ಕೇಳಿರಬಹುದು. ಮಾತು ನಿಜ. ಆದರೆ ಈ ಶಕ್ತಿ ಹೆಚ್ಚಾಗಿ ಕಾರ್ನೋಸಿಕ್ ಆಮ್ಲವೇ ಮುಂತಾದ ಆವಿಯಾಗದ ವಸ್ತುಗಳದು. ಇವು ಬಟ್ಟಿಯಲ್ಲಿ ಎಣ್ಣೆಯ ಜೊತೆ ಇಳಿಯುವುದಿಲ್ಲ, ಎಲೆಯಲ್ಲಿಯೇ ಉಳಿಯುತ್ತವೆ. ಅವುಗಳನ್ನು ದ್ರಾವಕಗಳಿಂದ ಅಥವಾ ಒತ್ತಡದ ಇಂಗಾಲಾಮ್ಲ ಅನಿಲದಿಂದ ಬೇರ್ಪಡಿಸಿ ಸಾರ ತೆಗೆಯುತ್ತಾರೆ. ಯೂರೋಪಿನ ಒಕ್ಕೂಟ 2010ರಲ್ಲಿ ಇ-392 ಎಂಬ ಸಂಖ್ಯೆ ಕೊಟ್ಟು ಆಹಾರದಲ್ಲಿ ಬಳಸಲು ಒಪ್ಪಿದ್ದು ಈ ಸಾರವನ್ನು. ಇದು ದೊಡ್ಡ ಕಾರ್ಖಾನೆಗಳ ಕೆಲಸ. ರೈತನಿಗೆ ಇದರಲ್ಲಿ ಒಣ ಎಲೆ ಮಾರುವ ದಾರಿ ಮಾತ್ರ ಇದೆ. ಎಣ್ಣೆಯ ಮಾರುಕಟ್ಟೆ, ಸಾರದ ಮಾರುಕಟ್ಟೆ, ಅಡಿಗೆಗೆ ಬಳಸುವ ಒಣ ಎಲೆಯ ಮಾರುಕಟ್ಟೆ ಮೂರೂ ಬೇರೆ ಬೇರೆ. ಸಸಿ ಮಾರುವವರು ಮೂರನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಎಚ್ಚರಿಕೆಗಳು

ಗಿಡದಿಂದ ಬಂದದ್ದೆಂಬ ಮಾತ್ರಕ್ಕೆ ಇದು ನಿರಪಾಯವಲ್ಲ. ಒಂದು ಕಿಲೋ ಎಣ್ಣೆಯಲ್ಲಿ ನೂರು, ಇನ್ನೂರು ಕಿಲೋ ಸೊಪ್ಪಿನ ಸತ್ವ ಅಡಗಿರುತ್ತದೆ. ಇದನ್ನು ಕುಡಿಯಬಾರದು. ಇದರಲ್ಲಿರುವ ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಸೆಳವು ಬರುವ ಅಪಾಯವಿದೆ. ಶೀತವಾದ ಹಸುಗೂಸಿನ ಎದೆಗೆ, ಮೂಗಿನ ಹತ್ತಿರ ಕರ್ಪೂರದ ಎಣ್ಣೆ ಸವರುವ ರೂಢಿ ನಮ್ಮಲ್ಲಿದೆ. ಅದೂ ಬೇಡ, ಅದರ ಬದಲಿಗೆ ಇದೂ ಬೇಡ. ಮೂರ್ಛೆರೋಗ ಇರುವವರು, ಬಸುರಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಬಳಸಬಾರದು. ಕಣ್ಣಿಗೆ ತಾಗಿದರೆ ಕೂಡಲೇ ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಸೀಸೆಯನ್ನು ಕೆಮ್ಮಿನ ಔಷಧಿಯ ಪಕ್ಕದಲ್ಲಿ ಇಡಬಾರದು. ಇಂಥ ತಪ್ಪು ನಡೆಯುವುದು ರಾತ್ರಿ ಹೊತ್ತು, ದೀಪ ಹಾಕದೆ ತಡಕುವಾಗ.

ಕಲಬೆರಕೆಯ ವಿಷಯ

ಕಡಿಮೆ ಬೆಲೆಯ ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆಗಳನ್ನು ಬೆರೆಸಿ ರೋಸ್‌ಮೇರಿ ಎಣ್ಣೆಯೆಂದು ಮಾರುವುದು ಈ ವ್ಯಾಪಾರದಲ್ಲಿ ಹಳೆಯ ರೋಗ. ಘಟಕಗಳು ಹೆಚ್ಚುಕಡಿಮೆ ಅವೇ ಆದ್ದರಿಂದ ಮೂಗಿಗೆ ಗೊತ್ತಾಗುವುದು ಕಷ್ಟ. ಗ್ಯಾಸ್ ಕ್ರೊಮೆಟೋಗ್ರಾಫಿ ಎಂಬ ಪರೀಕ್ಷೆಯಲ್ಲಿ ಪ್ರತಿಯೊಂದು ಘಟಕದ ಪ್ರಮಾಣವೂ ಗೊತ್ತಾಗುತ್ತದೆ. ಜಿಡ್ಡಿನ ಎಣ್ಣೆ ಬೆರೆಸಿದ್ದರೆ ಮಾತ್ರ ಮನೆಯಲ್ಲಿಯೇ ಪತ್ತೆ ಹಚ್ಚಬಹುದು. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಬಿಟ್ಟರೆ ಶುದ್ಧ ಸುಗಂಧ ತೈಲ ಆರಿಹೋಗಿ ಕಲೆ ಉಳಿಯುವುದಿಲ್ಲ ಎನ್ನುವಷ್ಟು ಮಸುಕಾಗುತ್ತದೆ. ಜಿಡ್ಡು ಇದ್ದರೆ ಪಾರದರ್ಶಕ ಕಲೆ ಮರುದಿನವೂ ಹಾಗೆಯೇ ಇರುತ್ತದೆ. ನಮ್ಮ ರೈತರ 300 ರೂಪಾಯಿಯ ಸೀಸೆಯಿಂದ ಒಂದು ಹನಿ ತೆಗೆದು ಹಳೆಯ ವರದಿಯೊಂದರ ಹಿಂಬದಿಗೆ ಹಾಕಿ ಇಟ್ಟೆವು. ಮರುದಿನ ನೋಡಿದರೆ ಎಂಟಾಣೆಯಗಲದ ಜಿಡ್ಡಿನ ಕಲೆ! ಲೀಟರಿಗೆ ಇಪ್ಪತ್ತು ಸಾವಿರ ಬೆಲೆ ಕಟ್ಟಿದ್ದು ಯಾವುದಕ್ಕೆ ಎಂಬುದು ಆಗ ಅವರಿಗೆ ತಿಳಿಯಿತು.

ಎಕರೆಯ ಲೆಕ್ಕ

ಸೀಸೆಯ ಬೆಲೆಯಲ್ಲಿ ಸೀಸೆ, ಲೇಬಲ್ಲು, ಜಾಹೀರಾತು, ಸಾಗಣೆ, ಅಂಗಡಿಯವನ ಲಾಭ ಎಲ್ಲವೂ ಸೇರಿವೆ. ಸಾಬೂನಿನ ಕಾರ್ಖಾನೆಗೆ ಪೀಪಾಯಿಯಲ್ಲಿ ಕೊಡುವ ಎಣ್ಣೆಗೆ ಸಿಕ್ಕುವುದು ಅದರ ಸಣ್ಣ ಪಾಲು. ಅದಕ್ಕೂ ಮೊದಲು ಎಣ್ಣೆ ಎಷ್ಟು ಬರುತ್ತದೆಂದು ನೋಡಬೇಕು. ಒಂದು ಎಕರೆಯಲ್ಲಿ ವರ್ಷಕ್ಕೆ 4 ಟನ್ ಹಸಿ ಸೊಪ್ಪು ಬಂದಿತೆಂದೂ, ಶೇ. 0.7 ಎಣ್ಣೆ ದೊರೆಯಿತೆಂದೂ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಬರುವುದು 28 ಕಿಲೋ. ಈ ಎಣ್ಣೆ ನೀರಿಗಿಂತ ಹಗುರ, ಲೀಟರಿಗೆ ಸುಮಾರು 900 ಗ್ರಾಂ ತೂಗುತ್ತದೆ. ಆದ್ದರಿಂದ 28 ಕಿಲೋ ಎಂದರೆ 31 ಲೀಟರ್. ಸಸಿ ಮಾರುವವರು ಹೇಳಿದ ಮೂವತ್ತು ಲೀಟರ್ ಹೀಗೆ ಸುಳ್ಳಲ್ಲ. ಆದರೆ ಅದು ಗಿಡಗಳು ಬಲಿತು, ವರ್ಷಕ್ಕೆ ಮೂರು ಕಟಾವು ಸಿಕ್ಕುವಾಗಿನ ಮಾತು. ನೆಟ್ಟು ಮೊದಲ ಕಟಾವಿಗೆ ಸುಮಾರು ಎಂಟು ತಿಂಗಳು ಬೇಕು. ವ್ಯಾಪಾರಿಗಳು ಎಣ್ಣೆಯನ್ನು ತೂಕದಲ್ಲಿ ಕೊಳ್ಳುತ್ತಾರೆ. ಲೀಟರಿನ ಬೆಲೆ ಹೇಳಿದರೋ ಕಿಲೋ ಬೆಲೆ ಹೇಳಿದರೋ ಎಂದು ಕೇಳದಿದ್ದರೆ ಹತ್ತರಲ್ಲೊಂದು ಪಾಲು ಅಲ್ಲಿಯೇ ಹೋಗುತ್ತದೆ.

ಒಂದು ಕಟಾವಿಗೆ ಸುಮಾರು 1300 ಕಿಲೋ ಸೊಪ್ಪು. 500 ಕಿಲೋ ಹಿಡಿಯುವ ಬಟ್ಟಿಯಲ್ಲಿ ಇದು ಮೂರು ಸಲದ ಕೆಲಸ, ಎರಡು ದಿನದಲ್ಲಿ ಮುಗಿಯುತ್ತದೆ. ವರ್ಷಕ್ಕೆ ಆರು ದಿನದ ಕೆಲಸಕ್ಕೆಂದು ಒಬ್ಬ ರೈತ ಬಟ್ಟಿ ಕಟ್ಟಿಸುವುದು ದಂಡ. ಹತ್ತಿರದಲ್ಲಿ ನಿಂಬೆಹುಲ್ಲು, ದವನ ಅಥವಾ ಪಚೋಲಿಗೆಂದು ನಡೆಯುತ್ತಿರುವ ಬಟ್ಟಿಯಿದ್ದರೆ ಅಲ್ಲಿ ಬಾಡಿಗೆಗೆ ಇಳಿಸಬಹುದು. ಬೇರೆ ಎಣ್ಣೆಯ ವಾಸನೆ ಉಳಿಯದಂತೆ ಬಟ್ಟಿಯನ್ನು ಮೊದಲು ಬರೀ ಆವಿ ಹಾಯಿಸಿ ತೊಳೆಯಬೇಕು. ಇಲ್ಲವಾದರೆ ಹತ್ತು ಹದಿನೈದು ಮಂದಿ ಸೇರಿ ಬೆಳೆಯಬೇಕು. 2017ರಲ್ಲಿ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿ ಆರಂಭಿಸಿದ ಅರೋಮಾ ಮಿಷನ್ ಯೋಜನೆಯಲ್ಲಿ ರೈತರ ಗುಂಪುಗಳಿಗೆ ಬಟ್ಟಿ ಘಟಕಗಳನ್ನು ಹಾಕಿಸುವ ಕೆಲಸ ನಡೆದದ್ದು ಈ ಕಾರಣಕ್ಕಾಗಿಯೇ.

ಇನ್ನು ಸಸಿಯ ಖರ್ಚು. 45 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಎಕರೆಗೆ 20,000 ಸಸಿ ಹಿಡಿಯುತ್ತವೆ. ಸಸಿಗೆ 5 ರೂಪಾಯಿ ಎಂದರೂ ಒಂದು ಲಕ್ಷ. ಈ ಬೆಳೆಯಲ್ಲಿ ಮೊದಲ ಲಾಭ ಯಾರಿಗೆಂಬುದು ಇದರಿಂದ ತಿಳಿಯುತ್ತದೆ. 'ಎಣ್ಣೆಯನ್ನು ನಾವೇ ಕೊಳ್ಳುತ್ತೇವೆ' ಎಂದು ಬರೆದುಕೊಟ್ಟು ಸಸಿ ಮಾರಿದವರು, ಬೆಳೆ ಬಂದಾಗ ದೂರವಾಣಿಗೂ ಸಿಕ್ಕದೆ ಹೋದದ್ದನ್ನು ಬೇರೆ ಬೆಳೆಗಳಲ್ಲಿ ನಾನು ಕಂಡಿದ್ದೇನೆ. ಅವರ ಕರಾರುಪತ್ರದಲ್ಲಿ ಸಸಿಯ ಬೆಲೆ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಇತ್ತು. ಎಣ್ಣೆಯ ಬೆಲೆ 'ಆಗಿನ ಮಾರುಕಟ್ಟೆ ದರದಂತೆ' ಎಂದಿತ್ತು.

ಒಂದು ಗುಂಟೆಯಲ್ಲಿ ಪ್ರಾರಂಭ

ಹೊಸದಾಗಿ ಬೆಳೆಯುವವರು ಮೊದಲು ಒಂದು ಗುಂಟೆಯಲ್ಲಿ ನೆಡುವುದು ಸೂಕ್ತ. ಇದಕ್ಕೆ 500 ಸಸಿ ಸಾಕು. ಬೀಜದಿಂದ ಮೊಳಕೆ ಕಡಿಮೆ, ಬಂದರೂ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಆದ್ದರಿಂದ ಕಡ್ಡಿಯಿಂದಲೇ ಸಸಿ ಮಾಡಬೇಕು. ಬಲಿಯುತ್ತಿರುವ ರೆಂಬೆಯಿಂದ 10-15 ಸೆಂ.ಮೀ. ಉದ್ದದ ತುಂಡು ಕತ್ತರಿಸಿ, ಕೆಳಗಿನ ಅರ್ಧದ ಎಲೆ ಸವರಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿನಡಿ ನೆಟ್ಟರೆ ಆರರಿಂದ ಎಂಟು ವಾರಗಳಲ್ಲಿ ಬೇರು ಬಿಡುತ್ತವೆ. ಎಣ್ಣೆಯ ಪರೀಕ್ಷಾ ವರದಿ ಇರುವ ತಳಿಯಿಂದಲೇ ಕಡ್ಡಿ ತರಬೇಕು. ಮುಂದೆ ವಿಸ್ತರಿಸಬೇಕೆನ್ನಿಸಿದರೆ ಸ್ವಂತ ಗಿಡಗಳಿಂದಲೇ ಬೇಕಾದಷ್ಟು ಕಡ್ಡಿ ಸಿಕ್ಕುತ್ತವೆ.

ನೀರು ನಿಲ್ಲದ ಕೆಂಪು ಗೋಡು ಮಣ್ಣು ಇದಕ್ಕೆ ಉತ್ತಮ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಒಂದು ವಾರದಲ್ಲಿ ಒಣಗುತ್ತದೆ. ಮಲೆನಾಡಿನ ಜಡಿಮಳೆಯ ಪ್ರದೇಶಕ್ಕೂ ಎರೆಭೂಮಿಗೂ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಕೊಟ್ಟಿಗೆ ಗೊಬ್ಬರ ಹಾಕಿ ಏರುಮಡಿಯಲ್ಲಿ ನೆಟ್ಟು, ಬೇಸಿಗೆಯಲ್ಲಿ ಹನಿ ನೀರು ಕೊಟ್ಟರೆ ಸಾಕು. ಮೊದಲ ವರ್ಷ ಕಳೆ ತೆಗೆಯುವುದನ್ನು ಮಾತ್ರ ತಪ್ಪಿಸಬಾರದು.

ಕಟಾವಿನಲ್ಲಿ ಎಲೆ ತುಂಬಿದ ಎಳೆ ರೆಂಬೆಗಳನ್ನಷ್ಟೇ ಕತ್ತರಿಸಬೇಕು. ತೂಕ ಹೆಚ್ಚಲೆಂದು ಬುಡದ ಕಟ್ಟಿಗೆಯವರೆಗೆ ಕೊಯ್ದರೆ ಎರಡು ನಷ್ಟ. ಕಟ್ಟಿಗೆಯಲ್ಲಿ ಎಣ್ಣೆ ಇರುವುದಿಲ್ಲವೆನ್ನುವಷ್ಟು ಕಡಿಮೆ, ಬಟ್ಟಿಯಲ್ಲಿ ಜಾಗ ಮಾತ್ರ ತಿನ್ನುತ್ತದೆ. ಎಲೆಯಿಲ್ಲದ ಹಳೆಯ ಕಟ್ಟಿಗೆ ಸರಿಯಾಗಿ ಚಿಗುರುವುದೂ ಇಲ್ಲ. ಇಬ್ಬನಿ ಆರಿದ ಮೇಲೆ ಕೊಯ್ದು, ನೆರಳಿನಲ್ಲಿ ತೆಳುವಾಗಿ ಹರಡಿ ಬಾಡಿಸಿ ಬಟ್ಟಿಗೆ ತುಂಬಬೇಕು. ರಾಶಿ ಹಾಕಿದರೆ ಕಾವೇರಿ ಎಣ್ಣೆ ಕೆಡುತ್ತದೆ.

ಆವಿ ಹಾಯಿಸುವಾಗ ಪೈನೀನ್, ಸಿನಿಯೋಲ್‌ಗಳಂಥ ಹಗುರ ಘಟಕಗಳು ಮೊದಮೊದಲು ಹೆಚ್ಚಾಗಿ ಇಳಿಯುತ್ತವೆ. ಬೋರ್ನಿಯೋಲ್, ವರ್ಬಿನೋನ್‌ಗಳು ನಿಧಾನವಾಗಿ ಬರುತ್ತವೆ. ಸೌದೆ ಉಳಿಸಲೆಂದು ಅರ್ಧಕ್ಕೇ ನಿಲ್ಲಿಸಿದರೆ ಎಣ್ಣೆಯ ಪ್ರಮಾಣವೂ ಕಡಿಮೆ, ಗುಣವೂ ಬೇರೆ. ಎರಡು ಗಂಟೆಯಾದರೂ ನಡೆಸಬೇಕು. ಇಳಿದ ಎಣ್ಣೆಯಲ್ಲಿ ನೀರಿನ ಅಂಶ ಉಳಿಯದಂತೆ ಬೇರ್ಪಡಿಸಿ, ಅಲ್ಯೂಮಿನಿಯಂ ಡಬ್ಬಿ ಅಥವಾ ಕಂದು ಗಾಜಿನ ಸೀಸೆಯಲ್ಲಿ ಕಂಠದವರೆಗೆ ತುಂಬಿ ತಂಪಾದ ಕಡೆ ಇಡಬೇಕು. ಮಾಮೂಲಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಬಾರದು. ಬಟ್ಟಿಯಿಂದ ಹೊರಬಂದ ಸೊಪ್ಪನ್ನು ಮುಚ್ಚಿಗೆಯಾಗಿ ಅಥವಾ ಕಾಂಪೋಸ್ಟಿಗೆ ಬಳಸಬಹುದು.

ಮೊದಲ ಕಟಾವಿನ ಎಣ್ಣೆಯಿಂದ 10 ಮಿ.ಲೀ. ಮಾದರಿ ತೆಗೆದು ಪರೀಕ್ಷೆ ಮಾಡಿಸಿ, ಆ ವರದಿಯ ಜೊತೆಗೆ ಎರಡು ಮೂರು ಮಂದಿ ಕೊಳ್ಳುವವರಿಗೆ ಕಳಿಸಿ ಬೆಲೆ ಕೇಳಬೇಕು. ಅವರು ಬರೆದು ತಿಳಿಸುವ ಕಿಲೋ ಬೆಲೆಯೇ ಎಕರೆಯ ಲೆಕ್ಕಕ್ಕೆ ಆಧಾರ. ಬಟ್ಟಿಯ ಬಾಡಿಗೆ, ಸೌದೆ, ಕೂಲಿ, ಸಾಗಣೆ ಕಳೆದು ಉಳಿಯುವುದನ್ನು ಈಗ ಬೆಳೆಯುತ್ತಿರುವ ಬೆಳೆಯ ಆದಾಯದ ಪಕ್ಕದಲ್ಲಿಟ್ಟು ನೋಡಬೇಕು.

ಚಿಕ್ಕಬಳ್ಳಾಪುರದ ರೈತರು ಮುಂಗಡ ಕೊಡಲಿಲ್ಲ. ಜೂನ್‌ನಲ್ಲಿ ಮತ್ತೆ ಬಂದು, ಮನೆಯ ಹಿಂದಿನ ಒಂದು ಗುಂಟೆಗೆ ಆಗುವಷ್ಟು ಕಡ್ಡಿ ಎಲ್ಲಿ ಸಿಕ್ಕೀತೆಂದು ವಿಚಾರಿಸಿಕೊಂಡು ಹೋದರು. ಉಳಿದ ಜಮೀನಿನಲ್ಲಿ ಟೊಮೇಟೊ ಹಾಕಿದ್ದಾರೆ.